ಮನೆ ಮಾರಿ ಪ್ರೆಸ್ ಹಾಕಿದ ವಕೀಲ

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಪೇಟೆಯಲ್ಲಿ ಕೂತವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ರೊಕ್ಕ ಕೊಟ್ಟು ತಂದ ಮಾಲು ಉದ್ರಿಯಲ್ಲಿ ಹೋದರೆ ಅಂಗಡಿ ನಡೆಯೋದಿಲ್ಲ. ಪುಸ್ತಕದ ಧಂದೆಯಂತೂ ಇನ್ನೂ ಕಠಿಣ. ಕಾಗದಕ್ಕೆ, ಮೊಳೆ ಜೋಡಿಸುವವರ ಪಗಾರಕ್ಕೆ ಮೊದಲೇ ನಗದು ಬೇಕು. ಅಚ್ಚಾದ ಪುಸ್ತಕ ಖರ್ಚಾಗಲು ಮಾತ್ರ ವರ್ಷಗಟ್ಟಲೆ ಹಿಡಿಯುತ್ತದೆ. ಇಂಥ ಧಂದೆಗೆ ಕೈಹಾಕಿ ಮನೆ ಕಳಕೊಂಡವರು ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ವಕೀಲ ಫ.ಗು. ಹಳಕಟ್ಟಿ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಫಕೀರಪ್ಪ ಹಳಕಟ್ಟಿ ಕಾಯದೆ ಓದಿ ಬಿಜಾಪುರದಲ್ಲಿ ನೆಲೆ ನಿಂತರು. ವ್ಯವಹಾರ ತಿಳಿಯದ ಮನುಷ್ಯರೇನಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಕಟ್ಟಿದವರು ಇವರೇ. ಆದರೆ ಮನಸ್ಸೆಲ್ಲ ತಾಡೋಲೆಗಳ ಮೇಲೆ. ಅಥಣಿ ಕಡೆಯಿಂದ ಕೃಷ್ಣಾ ಹೊಳೆ ದಾಟಿದರೆ ಸಿಗುವ ರಬಕವಿಯಲ್ಲಿ ಕಂಡ ವಚನದ ಕಟ್ಟುಗಳು ಅವರಿಗೆ ಹುಚ್ಚು ಹಿಡಿಸಿದವು. ಊರೂರು ತಿರುಗಿ, ಮಠ-ಮನೆಗಳಲ್ಲಿ ಹುಳು ತಿನ್ನುತ್ತಿದ್ದ ಓಲೆಗಳನ್ನು ಕೂಡಿಹಾಕಿದರು.

ಕೂಡಿಸಿದ್ದಾಯಿತು, ಅಚ್ಚು ಹಾಕುವವರು ಯಾರು? ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು. ಮುಂದಿನ ಪುಸ್ತಕಗಳಿಗೂ ಹೀಗೆ ಪರವೂರಿನ ಪ್ರೆಸ್ಸಿನ ಬಾಗಿಲು ಕಾಯುವುದು ಆಗದ ಮಾತು. ಸ್ವಂತ ಪ್ರೆಸ್ ಬೇಕು, ಬಂಡವಾಳ ಇಲ್ಲ. ಬ್ಯಾಂಕು ಕಟ್ಟಿದ ಹಳಕಟ್ಟಿಯವರು ತಮ್ಮ ಪ್ರೆಸ್ಸಿಗಾಗಿ ಇದ್ದ ಮನೆಯನ್ನೇ ಮಾರಿಬಿಟ್ಟರು! 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರುವಾಯಿತು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆ ಹೊರಟವು.

ಖರ್ಚು ನಿಂತಿದ್ದಿಲ್ಲ, ಗಿರಾಕಿ ಹೆಚ್ಚಿದ್ದಿಲ್ಲ. ವಕೀಲಿಯ ಗಳಿಕೆಯೂ ಪ್ರೆಸ್ಸಿನ ಹೊಟ್ಟೆಗೇ ಹೋಯಿತು. ಹೆಸರಿಗೇನೂ ಕಡಿಮೆ ಇರಲಿಲ್ಲ. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿ ಬಂತು, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂತು. ಆದರೆ ವಾಸ ಬಾಡಿಗೆ ಮನೆಯಲ್ಲೇ. ಅಷ್ಟಾದರೂ ಮೂರು ದಶಕಕ್ಕೂ ಮಿಕ್ಕಿ 'ಶಿವಾನುಭವ' ನಡೆಸಿದರು.

1964ರ ಜೂನ್ 29ರಂದು ತೀರಿಕೊಂಡರು. ಇಂದು ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಜುಲೈ 2ರಂದು ಸರಕಾರವೇ ಅವರ ಜಯಂತಿ ಮಾಡುತ್ತದೆ. ಅವರು ಉಳಿಸಿದ ವಚನ ಶಾಲೆಯ ಮಕ್ಕಳ ಬಾಯಲ್ಲಿದೆ. ಪ್ರೆಸ್ಸಿಗೆಂದು ಮಾರಿದ ಮನೆ ಮಾತ್ರ ಅವರ ಕೈಗೆ ತಿರುಗಿ ಬರಲಿಲ್ಲ.