ವಿಜಯನಗರದ ಮೂಲ ಹುಡುಕಿದ ಗುರು: ವಂ. ಹೆನ್ರಿ ಹೆರಾಸ್

ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋದ ಜಾಗದಲ್ಲಿ, ವಿದ್ಯಾರಣ್ಯರ ಮಾತಿನಂತೆ ಹರಿಹರ-ಬುಕ್ಕರು ವಿಜಯನಗರ ಕಟ್ಟಿದರೆಂಬ ಕತೆ ಹಂಪಿ, ಹೊಸಪೇಟೆ ಕಡೆಯ ಮಕ್ಕಳಿಗೂ ಗೊತ್ತು. ಈ ಕತೆಗೆ ಶಾಸನದ ಆಧಾರವಿದೆಯೇ ಎಂದು ಕೇಳಿದವರಲ್ಲಿ ಯೇಸುಸಭೆಯ ಗುರು ವಂ. ಹೆನ್ರಿ ಹೆರಾಸ್ ಪ್ರಮುಖರು.

ವಂ. ಹೆರಾಸ್ 1888ರ ಸೆಪ್ಟೆಂಬರ್ 11ರಂದು ಸ್ಪೇನಿನ ಬಾರ್ಸಿಲೋನಾದಲ್ಲಿ ಜನಿಸಿದರು. 1922ರಲ್ಲಿ ಭಾರತಕ್ಕೆ ಬಂದು ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾದರು. ತಮಗೆ ಹೊಸದಾಗಿದ್ದ ಭಾರತದ ಇತಿಹಾಸವನ್ನೇ ಬೋಧನೆಗೆ ಆರಿಸಿಕೊಂಡು ಕಲಿಯತೊಡಗಿದರು. 1926ರಲ್ಲಿ ಅಲ್ಲಿಯೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು; ಅದಕ್ಕೆ ಮುಂದೆ ಅವರದೇ ಹೆಸರಿಡಲಾಯಿತು. ಕದಂಬರ ಇತಿಹಾಸ ಬರೆದ ಜಾರ್ಜ್ ಮೊರಾಯಸ್ ಅವರ ಶಿಷ್ಯರು.

1927ರಲ್ಲಿ ಹೆರಾಸ್ ವಿಜಯನಗರದ ಕೊನೆಯ ರಾಜವಂಶವಾದ ಅರವೀಡು ಮನೆತನದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. 1565ರ ತಾಳಿಕೋಟೆ ಯುದ್ಧದ ನಂತರದ ಕಾಲವನ್ನು ತಿಳಿಯಲು ಶಾಸನಗಳ ಜೊತೆಗೆ ಯೇಸುಸಭೆಯ ಗುರುಗಳ ಪತ್ರಗಳನ್ನೂ ಬಳಸಿಕೊಂಡರು.

ಚರ್ಚೆ ಬಿಸಿಯೇರಿದ್ದು 1929ರಲ್ಲಿ ಬಂದ, ಸಾಮ್ರಾಜ್ಯದ ಆರಂಭ ಕುರಿತ ಪುಸ್ತಕದಿಂದ. ಉತ್ತರದ ದಾಳಿ ತಡೆಯಲು ಹೊಯ್ಸಳ ದೊರೆ ಮೂರನೇ ಬಲ್ಲಾಳನೇ ಆ ನಗರ ಕಟ್ಟಿಸಿದ. ವಿದ್ಯಾರಣ್ಯರ ಕತೆ 16ನೇ ಶತಮಾನದಲ್ಲಿ ಶೃಂಗೇರಿಯಲ್ಲಿ ಹೆಣೆದದ್ದು ಎಂಬುದು ಅವರ ವಾದ. 1933ರಲ್ಲಿ ಎನ್. ವೆಂಕಟರಮಣಯ್ಯನವರು ಬೇರೆಯೇ ವಾದ ಮುಂದಿಟ್ಟರು. ಅವರ ಪ್ರಕಾರ ಹರಿಹರ-ಬುಕ್ಕರು ವಾರಂಗಲ್ಲಿನಿಂದ ಕಂಪ್ಲಿಯ ಅರಸನ ಬಳಿಗೆ ಬಂದವರು. 1327ರಲ್ಲಿ ಕಂಪ್ಲಿ ರಾಜ್ಯ ಬಿದ್ದಾಗ ದೆಹಲಿಯ ಸೈನ್ಯಕ್ಕೆ ಸೆರೆಸಿಕ್ಕವರು. ಕನ್ನಡ ಮೂಲವೋ ತೆಲುಗು ಮೂಲವೋ ಎಂಬ ಈ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ.

ಕ್ರೈಸ್ತ ಗುರುವೊಬ್ಬರು ಹಿಂದೂ ಯತಿಯ ಕೀರ್ತಿಯನ್ನು ಪ್ರಶ್ನಿಸಿದರೆ ಸಂಶಯ ಮೂಡುವುದು ಸಹಜ. ಆದರೆ ಹೆರಾಸ್ ತಮ್ಮ ಆಧಾರಗಳನ್ನು ಎಲ್ಲರ ಮುಂದಿಟ್ಟಿದ್ದರು. ಆದ್ದರಿಂದ ಒಪ್ಪದವರು ಕೂಡ ಅವರ ಧರ್ಮಕ್ಕಲ್ಲ, ಅವರ ಆಧಾರಗಳಿಗೇ ಉತ್ತರ ಕೊಡಬಹುದಿತ್ತು. ಭಿನ್ನಾಭಿಪ್ರಾಯವು ಹಗೆತನವಾಗದಿರಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಅವರ ಎಲ್ಲ ನಿರ್ಣಯಗಳೂ ನಿಲ್ಲಲಿಲ್ಲ. ಸಿಂಧೂ ಲಿಪಿಯನ್ನು ದ್ರಾವಿಡ ಭಾಷೆಯಾಗಿ ಓದಿದ ಅವರ 1953ರ ಗ್ರಂಥದ ವಾಚನವನ್ನು ವಿದ್ವಾಂಸರು ಒಪ್ಪಿಲ್ಲ. ಆದರೂ ಆ ಭಾಷೆ ದ್ರಾವಿಡವಿರಬಹುದೆಂಬ ವಿಚಾರವನ್ನು ಹಲವರು ಮುಂದುವರಿಸಿದರು. 1955ರ ಡಿಸೆಂಬರ್ 14ರಂದು ಅವರು ಮುಂಬಯಿಯಲ್ಲಿ ನಿಧನರಾದರು. 1981ರಲ್ಲಿ ಭಾರತ ಸರಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಹಂಪಿಗೆ ಪ್ರವಾಸ ಹೋಗುವ ನಮ್ಮ ಯುವಜನರು ಕಲ್ಲಿನ ರಥವನ್ನು ನೋಡುವುದರ ಜೊತೆಗೆ ಈ ಗುರುವನ್ನೂ ನೆನೆಯಲಿ. ಸತ್ಯವನ್ನು ಹುಡುಕುವುದೂ ದೇವರ ಸೇವೆಯೇ.