ಬೆಂಗಳೂರಿನ ತೊಟ್ಟಿ, ಡೊಂಬಿವಲಿಯ ಡ್ರಮ್ಮು

ಕಳೆದ ಮಳೆಗಾಲದಲ್ಲಿ ನನ್ನ ಮಗಳಿಗೆ ಡೆಂಗಿ ಆಯಿತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹಿಂದೆ ಒಂದು ತೆರೆದ ಗಟಾರ ಇದೆ. ಪ್ಲೇಟ್‌ಲೆಟ್ ಎಣಿಕೆಯ ಕಾಗದಕ್ಕೆ ಕಾಯುತ್ತ ಆಸ್ಪತ್ರೆಯಲ್ಲಿ ಕೂತ ಐದು ದಿನವೂ ನಾನು ಶಪಿಸಿದ್ದು ಆ ಗಟಾರವನ್ನೇ. ಆಮೇಲೆ ಮನೆ ಮನೆ ತಪಾಸಣೆಗೆ ಬಂದ ಕೆಲಸಗಾರ ಗಟಾರದ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ನಮ್ಮ ಗ್ಯಾಲರಿಗೆ ಹೋಗಿ ನೀಲಿ ಡ್ರಮ್ಮಿನೊಳಗೆ ಟಾರ್ಚ್ ಬಿಟ್ಟ. ನಲ್ಲಿ ಬರದ ದಿನಕ್ಕೆಂದು ನಾವೇ ತುಂಬಿಟ್ಟ ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲೂ ಇದ್ದವು.

ಆ ಅವಮಾನದಲ್ಲೇ ನಾನು ರೊನಾಲ್ಡ್ ರಾಸ್‌ನ ಬದುಕನ್ನು ಓದಲು ಹಿಡಿದದ್ದು. ಲೋಕಲ್‌ನಲ್ಲಿ, ಥಾಣೆ ದಾಟುವವರೆಗೆ ದಿನಕ್ಕಿಷ್ಟು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಅಲ್ಮೋರಾದಲ್ಲಿ. ಅಪ್ಪ ಸೈನ್ಯಾಧಿಕಾರಿ. ಹುಡುಗನಿಗೆ ಕವಿತೆ, ಚಿತ್ರ, ಸಂಗೀತದ ಹುಚ್ಚು. ಮಗ ಡಾಕ್ಟರಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಬೇಕೆಂಬ ಹಟ ಅಪ್ಪನದು. ಗೆದ್ದದ್ದು ಅಪ್ಪ. 1881ರಲ್ಲಿ ಸೇವೆಗೆ ಸೇರಿದರೂ ಮೊದಮೊದಲು ರಾಸ್‌ನ ಮನಸ್ಸೆಲ್ಲ ಬರವಣಿಗೆ ಮತ್ತು ಗಣಿತದಲ್ಲೇ.

1883ರಲ್ಲಿ ಅವನು ಬೆಂಗಳೂರಿನ ದಂಡಿಗೆ ವೈದ್ಯನಾಗಿ ಬಂದ. ಸಿಕ್ಕ ಬಂಗಲೆ ಚೆನ್ನಾಗಿತ್ತು, ಸೊಳ್ಳೆ ಮಾತ್ರ ವಿಪರೀತ. ಹುಡುಕಿದರೆ ಕಿಟಕಿಯ ಹೊರಗೇ ನೀರು ತುಂಬಿದ ತೊಟ್ಟಿ, ಅದರ ತುಂಬ ಮರಿಹುಳು. ತೊಟ್ಟಿಯನ್ನು ಬೋರಲು ಹಾಕಿದ, ಸೊಳ್ಳೆ ಇಳಿಯಿತು. ಹಾಗಾದರೆ ಮೆಸ್ಸಿನ ತೋಟದ ತೊಟ್ಟಿಗಳನ್ನೂ ಬರಿದು ಮಾಡೋಣ ಎಂದು ಅಜುಟೆಂಟನಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೇ ಸೃಷ್ಟಿಸಿದೆ, ಪ್ರಕೃತಿಯ ಕ್ರಮ ಕೆಡಿಸದೆ ಸಹಿಸಿಕೊಳ್ಳಬೇಕು ಎಂಬುದು ಆ ಅಧಿಕಾರಿಯ ವಾದ. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ರಾಸ್‌ಗೂ ಗೊತ್ತಿರಲಿಲ್ಲ. ಮದ್ದು ಮೊದಲು ಸಿಕ್ಕಿತ್ತು, ರೋಗದ ಗುಟ್ಟು ಸಿಗಲು ಇನ್ನೂ ಹದಿನಾಲ್ಕು ವರ್ಷ ಬೇಕಿತ್ತು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ ಅವನಿಗೆ ರಕ್ತದೊಳಗಿನ ಮಲೇರಿಯಾ ಪರೋಪಜೀವಿಯನ್ನು ತೋರಿಸಿ, ಇದನ್ನು ಸೊಳ್ಳೆಯಲ್ಲಿ ಹುಡುಕು ಎಂದು ಹಚ್ಚಿದ. ಮರುವರ್ಷ ಸಿಕಂದರಾಬಾದಿಗೆ ಮರಳಿದ ರಾಸ್ ಹುಡುಕಿದ, ಹುಡುಕುತ್ತಲೇ ಇದ್ದ. ನಡುವೆ ಕಾಲರಾ ಕೆಲಸಕ್ಕೆಂದು ಮತ್ತೆ ಬೆಂಗಳೂರಿಗೆ ಅಟ್ಟಿದರು. 1897ರಲ್ಲಿ ಊಟಿಯ ಹತ್ತಿರದ ಸಿಗೂರು ಘಾಟಿಗೆ ಮಲೇರಿಯಾ ಹುಡುಕಿ ಹೋದವನಿಗೆ ಅದೇ ತಗುಲಿತು.

ಎರಡು ವರ್ಷ ಏನೂ ಸಿಗಲಿಲ್ಲ. ಅವನು ಸೀಳಿ ನೋಡಿದ್ದೆಲ್ಲ ಬೇರೆ ಸೊಳ್ಳೆ! ಶಾಸ್ತ್ರೀಯ ಹೆಸರು ಗೊತ್ತಿಲ್ಲದೆ ಬೂದಿಯವು, ಪಟ್ಟೆಯವು ಎಂದು ತಾನೇ ವಿಂಗಡಿಸಿಕೊಂಡಿದ್ದ. ಇಂದಿನ ಲೆಕ್ಕದಲ್ಲಿ ಕ್ಯೂಲೆಕ್ಸ್ ಮತ್ತು ಈಡಿಸ್. ಮನುಷ್ಯನ ಮಲೇರಿಯಾ ಅವುಗಳಲ್ಲಿ ಬೆಳೆಯುವುದೇ ಇಲ್ಲ. 1897ರ ಆಗಸ್ಟಿನಲ್ಲಿ ಮೂರನೆಯ ಜಾತಿ ಕೈಗೆ ಬಂತು, ರೆಕ್ಕೆಯ ಮೇಲೆ ಚುಕ್ಕೆ ಇದ್ದದ್ದು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗೊಂದು ಆಣೆಯಂತೆ ಕೂಲಿ ಪಡೆದು ಕಚ್ಚಿಸಿಕೊಂಡ. ಸೆಖೆ ಎಷ್ಟಿದ್ದರೂ ಸೊಳ್ಳೆ ಹಾರಿಹೋದೀತೆಂದು ಪಂಖಾ ಎಳೆಸುವಂತಿರಲಿಲ್ಲ. ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು ಕೊನೆಗೆ ಉಳಿದಿದ್ದ ಸೊಳ್ಳೆಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ, ಮಲೇರಿಯಾದ ಕಪ್ಪು ಕಣಗಳಿದ್ದ ದುಂಡನೆಯ ಕೋಶ ಕಂಡಿತು. ಅದು ಅನಾಫಿಲಿಸ್.

ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ನಾನೂ ಬೇರೆ ಸೊಳ್ಳೆಯ ಬೆನ್ನು ಹತ್ತಿದ್ದೆನಲ್ಲ. ಗಟಾರದ ಕೊಳಕು ನೀರಿನದು ಹೆಚ್ಚಾಗಿ ಕ್ಯೂಲೆಕ್ಸ್, ರಾತ್ರಿ ಕಿವಿಯ ಬಳಿ ಗುಂಯ್‌ಗುಡುವುದು. ಅದಕ್ಕೆಂದೇ ಪರದೆ ಕಟ್ಟಿ, ಕಾಯಿಲ್ ಹಚ್ಚಿ ನಿಶ್ಚಿಂತೆಯಿಂದಿದ್ದೆ. ಡೆಂಗಿಯ ಈಡಿಸ್ ಕಪ್ಪು ಮೈ, ಬಿಳಿ ಪಟ್ಟೆಯ ಕಾಲಿನದು. ಕಚ್ಚುವುದು ಹಗಲಲ್ಲಿ, ಮಗಳು ಗ್ಯಾಲರಿಯಲ್ಲಿ ಹೋಂವರ್ಕ್ ಮಾಡುವ ಹೊತ್ತಿಗೆ. ಅದಕ್ಕೆ ಬೇಕಾದದ್ದು ಸ್ವಚ್ಛ ನೀರು. ಮೊಟ್ಟೆಯನ್ನು ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯದು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗೆ ನಾರು ಹಾಕಿ ತಿಕ್ಕಬೇಕು. ಮೊಟ್ಟೆ ಸೊಳ್ಳೆಯಾಗಲು ನಮ್ಮ ಸೆಖೆಯಲ್ಲಿ ಏಳೆಂಟು ದಿನ ಸಾಕು. ವಾರಕ್ಕೊಮ್ಮೆ ತೊಳೆಯಬೇಕೆನ್ನುವುದು ಅದಕ್ಕೇ. ಅನಾಫಿಲಿಸ್ ಗೋಡೆಯ ಮೇಲೆ ಬಾಲ ಎತ್ತಿ ಓರೆಯಾಗಿ ಕೂರುತ್ತದೆ. ಮರಿಹುಳು ನೀರಿನ ಮೇಲ್ಮೈಗೆ ಸಮನಾಗಿ ಮಲಗಿದ್ದರೆ ಅದರದು, ತಲೆಕೆಳಗಾಗಿ ನೇತಾಡುತ್ತಿದ್ದರೆ ಉಳಿದವುಗಳದು. ನಗರದ ಮಲೇರಿಯಾ ಹರಡುವ ಜಾತಿ ಬೆಳೆಯುವುದು ಬಾವಿಯಲ್ಲಿ, ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ, ಕಟ್ಟಡ ಏಳುವ ಕಡೆ ನಿಂತ ನೀರಿನಲ್ಲಿ. ಕಲ್ಯಾಣದಲ್ಲಿ, ನವಿ ಮುಂಬೈಯಲ್ಲಿ ಕಟ್ಟಡ ಏಳದ ಗಲ್ಲಿ ಎಲ್ಲಿದೆ?

ರಾಸ್‌ನ ಮುಂದಿನ ಕಥೆ ಅಷ್ಟು ಸಿಹಿಯಾಗಿಲ್ಲ. ಕಂಡುಹಿಡಿದ ತಿಂಗಳಲ್ಲೇ ರಾಜಪುತಾನಕ್ಕೆ ವರ್ಗ. 1898ರಲ್ಲಿ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಕಡಿತದಿಂದ ಹರಡುವುದನ್ನು ತೋರಿಸಿದ. ಮನುಷ್ಯನಲ್ಲಿ ಅದನ್ನು ಸಾಧಿಸಿದ ಇಟಲಿಯ ಗ್ರಾಸಿಯ ಜೊತೆ ಕೀರ್ತಿಗಾಗಿ ಜಗಳ. 1902ರಲ್ಲಿ ನೊಬೆಲ್ ಬಂದ ಮೇಲೂ ಅದು ತಣಿಯಲಿಲ್ಲ. ಜಗಳಗಂಟ, ಮುಂಗೋಪಿ, ಮನೆಗೆ ಕರೆಯುವಂಥ ಮನುಷ್ಯ ಅಲ್ಲವೆಂದು ನನಗನಿಸಿತು. ಆದರೆ ಬೆಂಗಳೂರಿನ ತೊಟ್ಟಿಯನ್ನು ಅವನು ಮರೆಯಲಿಲ್ಲ. ಸಿಯೆರಾ ಲಿಯೋನ್‌ಗೆ ಹೋದ, ಸುಯೆಜ್ ಕಾಲುವೆಯ ಇಸ್ಮಾಯಿಲಿಯಾಕ್ಕೆ ಹೋದ; ಡಬ್ಬಿ ಹೆಕ್ಕುವ, ಹೊಂಡ ತುಂಬುವ, ನಿಂತ ನೀರಿಗೆ ಎಣ್ಣೆ ಬಿಡುವ ಆಳುಗಳ ಪಡೆ ಕಟ್ಟಬೇಕೆಂದು ಪುಸ್ತಕವನ್ನೇ ಬರೆದ. ಸರ್ಕಾರ ತನಗೆ ತಕ್ಕ ಪ್ರತಿಫಲ ಕೊಡಲಿಲ್ಲವೆಂಬ ಕೊರಗು ಕೊನೆವರೆಗೂ ಇತ್ತು. 1928ರಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಿದ. ತೀರಿಕೊಂಡದ್ದು 1932ರ ಸೆಪ್ಟೆಂಬರ್ 16ರಂದು, ಲಂಡನ್ನಿನಲ್ಲಿ.

ನಮ್ಮ ಡ್ರಮ್ಮು ಈಗ ಪ್ರತಿ ಭಾನುವಾರ ಬೋರಲಾಗುತ್ತದೆ. ಮಗಳೇ ತಿಕ್ಕುತ್ತಾಳೆ, ಟಾರ್ಚೂ ಅವಳದೇ. ತಾರಸಿಯ ಟ್ಯಾಂಕಿನ ಒಂದು ಮುಚ್ಚಳ ಒಡೆದಿದೆ ಎಂದು ಸೊಸೈಟಿ ಮೀಟಿಂಗಿನಲ್ಲಿ ಹೇಳಿದೆ. ಸೊಳ್ಳೆ ಬರುವುದು ಖಾಡಿಯಿಂದ, ಮುಚ್ಚಳ ಹಾಕಿ ಏನುಪಯೋಗ ಎಂದು ಹಿರಿಯರೊಬ್ಬರು ಕೇಳಿದರು. ನನಗೆ ಆ ಅಜುಟೆಂಟ್ ನೆನಪಾದ, ಸುಮ್ಮನಿದ್ದೆ. ಬರುವ ಭಾನುವಾರ ತಾರಸಿಯ ಬೀಗದ ಕೈ ಕೊಡುವುದಾಗಿ ಸೆಕ್ರೆಟರಿ ಒಪ್ಪಿದ್ದಾರೆ.