ಶಾಹು ಮಹಾರಾಜರು: ರೈಲು ಬಂತು, ಹಾಜರಿ ಹೋಯಿತು

ಬೆಳಗಾವಿ ಜಿಲ್ಲೆಯ ರಾಯಬಾಗವು 1949ರವರೆಗೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಮರಾಠಿ ದರ್ಬಾರಿನ ಆಳ್ವಿಕೆಯಲ್ಲಿ ಅದೊಂದು ಕನ್ನಡ ಸೀಮೆ. ಅಧಿಕಾರ ವಹಿಸಿಕೊಂಡ 1894ರಿಂದ 1922ರವರೆಗೆ ಆ ಸಂಸ್ಥಾನವನ್ನಾಳಿದ ಛತ್ರಪತಿ ಶಾಹು ಮಹಾರಾಜರು ಮೀಸಲಾತಿಯ ಹರಿಕಾರರೆಂದು ನಾಡಿಗೆಲ್ಲ ಪರಿಚಿತರು. ಈ ಗಡಿ ತಾಲೂಕುಗಳ ಸಂಚಾರ, ವ್ಯಾಪಾರಗಳೊಡನೆ ಅವರಿಗಿದ್ದ ನಂಟು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

1874ರ ಜೂನ್ 26ರಂದು ಕಾಗಲ್‌ನ ಘಾಟಗೆ ಮನೆತನದಲ್ಲಿ ಜನಿಸಿದ ಯಶವಂತರಾವ್, 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತು ಬಂದು ಶಾಹು ಎನಿಸಿಕೊಂಡರು. 1888ರ ಮೇ ತಿಂಗಳಲ್ಲಿ ಮಿರಜ–ಕೊಲ್ಹಾಪುರ ರೈಲು ಮಾರ್ಗದ ಕಾಮಗಾರಿಗೆ ಅವರ ಕೈಯಿಂದಲೇ ಚಾಲನೆ ಕೊಡಿಸಲಾಯಿತು. ಆಗ ಅವರಿಗೆ ಹದಿನಾಲ್ಕೂ ತುಂಬಿರಲಿಲ್ಲ. 1891ರಲ್ಲಿ ಗಾಡಿ ಓಡಿತು. ಸುಮಾರು 47 ಕಿ.ಮೀ. ಉದ್ದದ ಈ ಕವಲು, ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಮೂಲಕ ಬೆಳಗಾವಿಯತ್ತ ಸಾಗುವ ಹಳಿಯನ್ನು ಮಿರಜದಲ್ಲಿ ಕೂಡಿಕೊಂಡಿತು.

ಹೀಗೆ ದೂರದ ರಾಯಬಾಗಕ್ಕೆ ರಾಜಧಾನಿ ಹತ್ತಿರವಾಯಿತು. ಕೊಲ್ಹಾಪುರದ ಮಗ್ಗುಲಲ್ಲೇ ಇದ್ದರೂ ಬ್ರಿಟಿಷ್ ಆಡಳಿತಕ್ಕೊಳಪಟ್ಟಿದ್ದ ನಿಪ್ಪಾಣಿಗೆ ಮಾತ್ರ ರೈಲು ಬರಲಿಲ್ಲ. ಅದರ ತಂಬಾಕು ಪೇಟೆ ಪುಣೆ–ಬೆಂಗಳೂರು ರಸ್ತೆಯನ್ನು ನೆಚ್ಚಿ ಬೆಳೆಯಿತು. ಅಥಣಿ ಪಟ್ಟಣವೂ ಹಳಿಯಿಂದ ಹೊರಗುಳಿಯಿತು. ಚಿಕ್ಕೋಡಿಗೆ ದಕ್ಕಿದ್ದು ಊರಿನಿಂದ ಬಲು ದೂರದಲ್ಲಿ ತನ್ನ ಹೆಸರು ಹೊತ್ತ ಒಂದು ನಿಲ್ದಾಣ!

ಹಳಿ ಹಾಕಿದ ಮಾತ್ರಕ್ಕೆ ಪೇಟೆ ಬೆಳೆಯದೆಂಬುದನ್ನು ಮಹಾರಾಜರು ಬಲ್ಲವರಾಗಿದ್ದರು. 1895ರಲ್ಲಿ ಕೊಲ್ಹಾಪುರ ನಿಲ್ದಾಣದ ಬಳಿ ಶಾಹುಪುರಿ ಎಂಬ ಬೆಲ್ಲದ ಪೇಟೆಯನ್ನು ನೆಲೆಗೊಳಿಸಿದರು. 1906ರಲ್ಲಿ ನೂಲಿನ ಗಿರಣಿಗೆ ಅಡಿಗಲ್ಲು ಬಿತ್ತು. 1901ರಿಂದೀಚೆಗೆ ಮರಾಠಾ, ಜೈನ, ಲಿಂಗಾಯತ ಮುಂತಾದ ಸಮುದಾಯಗಳ ವಿದ್ಯಾರ್ಥಿ ನಿಲಯಗಳು ಅವರ ಆಶ್ರಯದಲ್ಲಿ ಒಂದೊಂದಾಗಿ ತಲೆಯೆತ್ತಿದವು. ಬೆಲ್ಲದ ಹೇರಿನಂತೆ ಹಳ್ಳಿಯ ಹುಡುಗರಿಗೂ ಪಟ್ಟಣದಲ್ಲಿ ಇಳಿಯಲೊಂದು ತಾವು ದೊರೆಯಿತು.

ಆದರೆ ರೈಲು ಹತ್ತುವ ಸ್ವಾತಂತ್ರ್ಯವೇ ಇಲ್ಲದವರೂ ಇದ್ದರು. ಬೇಡರು, ರಾಮೋಶಿಗಳು, ಮಹಾರರು, ಮಾಂಗರು ನಿತ್ಯವೂ ಚಾವಡಿಗೆ ಬಂದು ಹಾಜರಿ ಕೊಡಬೇಕಿತ್ತು. ಕಳವು ಮಾಡಲಿ, ಬಿಡಲಿ, ಹುಟ್ಟಿದ ಜಾತಿಯೇ ಅಪರಾಧ. ಬೆಳಿಗ್ಗೆ ಪರವೂರಿನ ಸಂತೆಗೋ ಕೂಲಿಗೋ ಹೊರಟವನು ಸಂಜೆ ಚಾವಡಿಯಲ್ಲಿ ಕಾಣಿಸದಿದ್ದರೆ ತಪ್ಪಿತಸ್ಥನಾಗುತ್ತಿದ್ದ. ಅಂಥವನಿಗೆ ಹಳಿಯಿದ್ದೂ ಫಲವೇನು? 1918ರಲ್ಲಿ ಮಹಾರಾಜರು ಈ ಹಾಜರಿ ಪದ್ಧತಿಯನ್ನು ರದ್ದುಗೊಳಿಸಿದರು. ಅದೇ ವರ್ಷ ಮಹಾರರನ್ನು ಊರಿನ ಚಾಕರಿಗೆ ಕಟ್ಟಿಹಾಕಿದ್ದ ವತನಕ್ಕೂ ಕೊನೆ ಹಾಡಿದರು. ರಾಧಾನಗರಿ ಜಲಾಶಯ, ಮಿರಜ ಮಾರ್ಗಗಳ ಸಾಲಿನಲ್ಲಿ ಈ ಆಜ್ಞೆಗಳನ್ನು ಯಾರೂ ಎಣಿಸುವುದಿಲ್ಲ, ಎಣಿಸಬೇಕಿತ್ತು.

1922ರ ಮೇ 6ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದಾಗ ವಯಸ್ಸು 47. ರಾಧಾನಗರಿಯ ಅಣೆಕಟ್ಟು ಆಗಿನ್ನೂ ಪೂರ್ಣಗೊಂಡಿರಲಿಲ್ಲ.